ಡಿಸ್ನಿ ವರ್ಲ್ಡ್‌ನ ಹಳೆಯ ‘ಪ್ರವಾಸ ಯೋಜನೆ’ ಕ್ಯಾಸೆಟ್: ಕಂಪ್ಯೂಟರಿಗೆ ಇಳಿಸುವ ಕ್ರಮ, ವರ್ಷ ಪತ್ತೆಹಚ್ಚುವ ಬಗೆ

1990ರ ದಶಕದಲ್ಲಿ ಅಮೆರಿಕದಲ್ಲಿದ್ದವರು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಒಂದು ಫೋನ್ ಮಾಡಿದರೆ ಸಾಕಿತ್ತು, ರಜೆಯ ಯೋಜನೆ ಹಾಕಿಕೊಳ್ಳಲು ಒಂದು ವಿಎಚ್ಎಸ್ ಕ್ಯಾಸೆಟ್ ಪುಕ್ಕಟೆಯಾಗಿ ಅಂಚೆಯಲ್ಲಿ ಬರುತ್ತಿತ್ತು. ಪಾರ್ಕುಗಳು, ಹೋಟೆಲುಗಳು, ಮುಂದೆ ತೆರೆಯಲಿರುವ ಸವಾರಿಗಳು ಎಲ್ಲವನ್ನೂ ತೋರಿಸುವ ಜಾಹೀರಾತು ಅದು. ಹೊಸದೇನಾದರೂ ತೆರೆದಾಗ ಹೊಸ ಆವೃತ್ತಿ ಹೊರಡುತ್ತಿತ್ತು. ಮುಂದೆ ಕ್ಯಾಸೆಟ್ಟಿನ ಜಾಗಕ್ಕೆ ಡಿವಿಡಿ ಬಂತು.

ಪುಕ್ಕಟೆ ಬಂದ ವಸ್ತುವಾದ್ದರಿಂದ ಅನೇಕರು ಅದನ್ನು ಎಸೆದರು, ಇಲ್ಲವೇ ಅದರ ಮೇಲೆಯೇ ಧಾರಾವಾಹಿ ರೆಕಾರ್ಡ್ ಮಾಡಿಕೊಂಡರು. ಇಂದು ಇವುಗಳಿಗೆ ದಾಖಲೆಯ ಬೆಲೆ ಇದೆ. ಕತ್ತಲ ಸುರಂಗದೊಳಗಿನ ಸವಾರಿಗಳನ್ನು ಆ ಕಾಲದ ಮನೆ ಕ್ಯಾಮ್‌ಕಾರ್ಡರುಗಳು ಬರೀ ಕಪ್ಪಾಗಿ ಹಿಡಿದಿವೆ. ಕಂಪನಿಯ ಚಿತ್ರತಂಡವಾದರೋ ದೊಡ್ಡ ಕ್ಯಾಮೆರಾ ಮತ್ತು ಬೇಕಾದ ಬೆಳಕಿನೊಂದಿಗೆ ಒಳಗೆ ಹೋಗುತ್ತಿತ್ತು. 1999ರ ಜನವರಿಯಲ್ಲಿ ಮುಚ್ಚಿದ ಹೊರೈಝನ್ಸ್‌ನಂಥ ಸವಾರಿಯ ಒಳಾಂಗಣ ಸ್ಪಷ್ಟವಾಗಿ ಕಾಣಬೇಕಾದರೆ ಇಂಥ ಚಿತ್ರೀಕರಣವೇ ಗತಿ. ಆದ್ದರಿಂದ ಒಂದು ಕ್ಯಾಸೆಟ್ ಸಿಕ್ಕರೆ ಮೊದಲು ಇದ್ದದ್ದನ್ನು ಇದ್ದಂತೆಯೇ ಹಿಡಿದಿಡಬೇಕು. ಅಂದ ಮಾಡುವ ಕೆಲಸ ಆಮೇಲೆ, ಅದೂ ನಕಲಿನ ಮೇಲೆ ಮಾತ್ರ.

ಡೆಕ್ಕಿಗೆ (ವಿಸಿಆರ್‌ಗೆ) ಹಾಕುವ ಮುನ್ನ

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿಯನ್ನು ಟಾರ್ಚ್ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಅಥವಾ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅಮೆರಿಕದಿಂದ ಬಂದ ಕ್ಯಾಸೆಟ್ ಮಂಗಳೂರು, ಕಾರವಾರ ಅಥವಾ ಮಲೆನಾಡಿನ ಮನೆಯ ಅಟ್ಟದಲ್ಲಿ ಹಲವು ಮಳೆಗಾಲ ಕಳೆದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಬೂಷ್ಟು ಹಿಡಿದದ್ದನ್ನು ಒಮ್ಮೆ ಓಡಿಸಿದರೆ ಸಾಕು, ಪುಡಿ ಡೆಕ್ಕಿನ ಹೆಡ್ಡಿಗೆ, ಅಂದರೆ ಟೇಪನ್ನು ಓದುವ ಭಾಗಕ್ಕೆ, ಮೆತ್ತಿ ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥದ್ದನ್ನು ಬೇರೆಯಾಗಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ವಾರ ಒಣಗಿಸಿ. ಶುಚಿ ಮಾಡುವಾಗ ಎನ್95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಕೂತು ಮಾಡಿ. ಅದಕ್ಕೆಂದೇ ಬೇರೊಂದು ಹಳೆಯ ಡೆಕ್ ಇಲ್ಲದಿದ್ದರೆ ಈ ಕೆಲಸ ಬಲ್ಲವರಿಗೆ ಕೊಡುವುದೇ ಸರಿ.

ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ರೆಕಾರ್ಡಿಂಗ್ ತಡೆಯುವ ಚಿಕ್ಕ ಕಿಂಡಿ ಇರುತ್ತದೆ. ಕಾರ್ಖಾನೆಯಲ್ಲಿ ತುಂಬಿದ ಕ್ಯಾಸೆಟ್ಟಿನಲ್ಲಿ ಅದು ತೆರೆದೇ ಇರಬೇಕು. ಯಾರಾದರೂ ಅದರ ಮೇಲೆ ಸೆಲೋಟೇಪ್ ಅಂಟಿಸಿದ್ದರೆ, ಮೇಲೆ ಬೇರೇನೋ ರೆಕಾರ್ಡ್ ಆಗಿದೆ ಎಂದೇ ಇಟ್ಟುಕೊಳ್ಳಿ. ಆ ಅಂಟುಪಟ್ಟಿಯನ್ನು ಈಗಲೇ ಕೀಳಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಆಗ ಏನೂ ಅಳಿಯುವುದಿಲ್ಲ.

ಪಕ್ಕದ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿದರೆ 12.7 ಮಿಲಿಮೀಟರ್ ಅಗಲದ ಟೇಪ್ ಕಾಣುತ್ತದೆ. ಮುಟ್ಟಬೇಡಿ, ಅಂಚುಗಳನ್ನು ಮಾತ್ರ ಗಮನಿಸಿ. ಕೆಳಗಿನ ಅಂಚಿನಲ್ಲಿ ಟೇಪಿನ ಓಟವನ್ನು ಹದದಲ್ಲಿಡುವ ಕಂಟ್ರೋಲ್ ಟ್ರ್ಯಾಕ್ ಇದೆ. ಅಲ್ಲಿ ಸುಕ್ಕಿದ್ದರೆ ಚಿತ್ರ ಜಾರುತ್ತದೆ. ಮೇಲಿನ ಅಂಚಿನಲ್ಲಿ ಸಾದಾ ಧ್ವನಿ ಇದೆ. ಅಲ್ಲಿ ಸುಕ್ಕಿದ್ದರೆ ಮಾತು ಅಡಗುತ್ತದೆ.

ಟೇಪ್ ತುದಿಯ ಪಾರದರ್ಶಕ ಪಟ್ಟಿಯಿಂದ ಕಿತ್ತುಬಂದಿದ್ದರೆ ಗಾಬರಿ ಬೇಡ. ಅಡಿಭಾಗದ ಐದು ಸ್ಕ್ರೂ ಬಿಚ್ಚಿ ಜೋಡಿಸಬಹುದು. ಆದರೆ ವಿಡಿಯೊ ಟೇಪಿಗೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪನ್ನೇ ಬಳಸಿ. ಸೆಲೋಟೇಪಿನ ಅಂಟು ಬಿಸಿಗೆ ಒಸರಿ ಹೆಡ್ಡಿಗೆ ಹತ್ತುತ್ತದೆ.

ಎಲ್ಲ ಸರಿ ಕಂಡರೆ ಕ್ಯಾಸೆಟ್ಟನ್ನು ಕೋಣೆಯ ಉಷ್ಣತೆಯಲ್ಲಿ ಕೆಲವು ಗಂಟೆ ಬಿಡಿ. ನಂತರ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿಸಿ. ವರ್ಷಗಟ್ಟಲೆ ಒಂದೇ ಬಿಗಿತದಲ್ಲಿ ಕೂತ ಟೇಪ್ ಸಡಿಲಗೊಂಡು ಸಮವಾಗಿ ಸುತ್ತಿಕೊಳ್ಳುತ್ತದೆ.

ಎನ್‌ಟಿಎಸ್‌ಸಿ ತೊಡಕು

ಭಾರತದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಅಮೆರಿಕದ ಕ್ಯಾಸೆಟ್ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯದು: 525 ಗೆರೆ, ಸೆಕೆಂಡಿಗೆ 29.97 ಫ್ರೇಮ್. ನಮ್ಮದು ಪಾಲ್: 625 ಗೆರೆ, 25 ಫ್ರೇಮ್. ಟೇಪಿನ ಓಟವೂ ಬೇರೆ. ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ ಸುಮಾರು 33.35 ಮಿಲಿಮೀಟರ್, ಪಾಲ್‌ನಲ್ಲಿ 23.39. ಬರೀ ಪಾಲ್ ಬಲ್ಲ ಡೆಕ್ಕಿಗೆ ಹಾಕಿದರೆ ಚಿತ್ರ ಉರುಳುತ್ತದೆ, ಬಣ್ಣ ಹೋಗುತ್ತದೆ, ಧ್ವನಿ ನಿಧಾನವಾಗುತ್ತದೆ. ಅನೇಕರು ‘ಕ್ಯಾಸೆಟ್ ಹಾಳಾಗಿದೆ’ ಎಂದು ಎಸೆಯುವುದು ಈ ಹಂತದಲ್ಲೇ. ದಯವಿಟ್ಟು ಎಸೆಯಬೇಡಿ.

‘ಪಾಲ್ ಟಿವಿಯಲ್ಲಿ ಎನ್‌ಟಿಎಸ್‌ಸಿ ತೋರಿಸುತ್ತದೆ’ ಎಂದು ಬರೆದಿರುವ ಡೆಕ್ಕುಗಳು ಅರ್ಧ ದಾರಿ ಮಾತ್ರ ತಲುಪಿಸುತ್ತವೆ. ಅವು ಕೊಡುವುದು ಪಾಲ್-60 ಎಂಬ ಬೆರಕೆ ಸಂಕೇತ: ಗೆರೆ 525, ಬಣ್ಣದ ಪದ್ಧತಿ ಮಾತ್ರ ಪಾಲ್‌ನದು. ಕ್ಯಾಪ್ಚರ್ ಸಾಧನದಲ್ಲಿ (ಡೆಕ್ಕಿನ ಸಂಕೇತವನ್ನು ಕಂಪ್ಯೂಟರಿಗೆ ಒಯ್ಯುವ ಸಾಧನ) ಪಾಲ್-60 ಆಯ್ಕೆ ಇದ್ದರೆ ಹಿಡಿಯಬಹುದು, ಇಲ್ಲದಿದ್ದರೆ ಕಪ್ಪು-ಬಿಳುಪು ಚಿತ್ರವೇ ಸಿಗುತ್ತದೆ.

ನಿಜವಾದ ಎನ್‌ಟಿಎಸ್‌ಸಿ ಡೆಕ್ ತರಿಸುವುದೇ ಉತ್ತಮ. ಅದಕ್ಕೆ 120 ವೋಲ್ಟ್ ಬೇಕು. ಸುರುಳಿ ಇರುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ 100 ವಿಎ ಇದ್ದರೆ ಧಾರಾಳವಾಯಿತು. ಹಗುರವಾದ ಎಲೆಕ್ಟ್ರಾನಿಕ್ ಪ್ರಯಾಣ ಕನ್ವರ್ಟರು ಬಳಸಬೇಡಿ. ಅದರ ಒರಟು ಅಲೆ ಡೆಕ್ಕಿನ ವಿದ್ಯುತ್ ಭಾಗವನ್ನು ಸುಡಬಹುದು. ನಮ್ಮ 50 ಹರ್ಟ್ಝ್ ವಿದ್ಯುತ್ತಿನಿಂದ ಟೇಪಿನ ಓಟಕ್ಕೆ ತೊಂದರೆಯಿಲ್ಲ.

ಡೆಕ್, ಟಿಬಿಸಿ, ಕ್ಯಾಪ್ಚರ್

ಎಸ್-ವಿಡಿಯೊ (ಬೆಳಕು, ಬಣ್ಣಗಳನ್ನು ಬೇರೆಬೇರೆಯಾಗಿ ಒಯ್ಯುವ ಜೋಡಣೆ) ಹೊರದಾರಿ ಇರುವ ಎಸ್-ವಿಎಚ್ಎಸ್ (ವಿಎಚ್ಎಸ್‌ನ ಸುಧಾರಿತ ರೂಪ) ಡೆಕ್ ಆರಿಸಿ. ಗೆರೆಗಳ ಕಾಲಾವಧಿ ತಿದ್ದುವ ಟಿಬಿಸಿ (ಟೈಮ್ ಬೇಸ್ ಕರೆಕ್ಟರ್) ಒಳಗೇ ಇರುವ ಜೆವಿಸಿಯ ಎಚ್ಆರ್-ಎಸ್9800ಯು, ಪ್ಯಾನಾಸೋನಿಕ್‌ನ ಎಜಿ-1980 ಈ ಕೆಲಸದವರು ಹುಡುಕುವ ಹೆಸರುಗಳು. ಟಿಬಿಸಿ ಏಕೆ ಬೇಕೆಂಬುದು ಈ ಕ್ಯಾಸೆಟ್ಟುಗಳಲ್ಲಿ ಬೇಗ ಗೊತ್ತಾಗುತ್ತದೆ: ಟೇಪಿನಿಂದ ಬರುವ ಪ್ರತಿ ಗೆರೆಯ ಕಾಲಾವಧಿ ಕೊಂಚ ಹೆಚ್ಚುಕಡಿಮೆ ಆಗುತ್ತಿರುವುದರಿಂದ ಕೋಟೆಯ ಗೋಪುರ, ಮಾನೋರೈಲಿನ ಕಂಬಗಳಂಥ ನೆಟ್ಟಗಿನ ಗೆರೆಗಳೆಲ್ಲ ಅಲೆಅಲೆಯಾಗಿ ಬಾಗುತ್ತವೆ. ಟಿಬಿಸಿ ಅವನ್ನು ಸಾಲಾಗಿ ನಿಲ್ಲಿಸುತ್ತದೆ. ಅಂಥ ಡೆಕ್ ಕೈಗೆಟುಕದಿದ್ದರೆ ಪ್ಯಾನಾಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರಿನ ಮೂಲಕ ಸಂಕೇತ ಹಾಯಿಸಿದರೂ ಬಹುಪಾಲು ಇದೇ ಗುಣ ಸಿಗುತ್ತದೆ. ಡಿಸ್ಕಿಗೆ ರೆಕಾರ್ಡ್ ಮಾಡಬೇಕಿಲ್ಲ, ಬರೀ ಹಾಯಿಸಿದರೆ ಸಾಕು.

ಹೆಡ್ ಶುಚಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಹೆಡ್ಡುಗಳಿರುವ ತಿರುಗುವ ಡ್ರಮ್ಮಿನ ಮೇಲೆ ಮೆತ್ತನೆಯ ಚರ್ಮದ ತುಂಡನ್ನು ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಿಂದ ನಿಧಾನವಾಗಿ ತಿರುಗಿಸಿ. ಮೇಲೆ-ಕೆಳಗೆ ಉಜ್ಜಿದರೆ ಹೆಡ್ ಮುರಿದೇಹೋಗುತ್ತದೆ. ಹತ್ತಿಯ ಕಡ್ಡಿಯ ಎಳೆಗಳೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ರಬ್ಬರಿನ ರೋಲರಿಗೆ ಆಲ್ಕೊಹಾಲ್ ತಾಗಿಸಬೇಡಿ, ಒಣಗಿ ಬಿರುಕು ಬಿಡುತ್ತದೆ.

ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಪೆಟ್ಟಿಗೆಗಳಿಂದ ದೂರವಿರಿ. ಅವು ಹೆಣೆದ ಫೀಲ್ಡುಗಳನ್ನು (ಒಂದು ಫ್ರೇಮಿನ ಸಮ, ಬೆಸ ಗೆರೆಗಳ ಎರಡು ಅರ್ಧಗಳನ್ನು) ಒರಟಾಗಿ ಬೆರೆಸಿ, 4:3 ಚಿತ್ರವನ್ನು ಅಗಲಕ್ಕೆ ಎಳೆದು ಕೊಡುತ್ತವೆ. ಹೋದ ವಿವರವನ್ನು ಮರಳಿ ತರಲಾಗದು. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳು ಸವೆದ ಟೇಪಿನ ಗೊಂದಲದ ಸಂಕೇತವನ್ನು ‘ನಕಲು ನಿಷೇಧ’ ಎಂದು ತಪ್ಪು ತಿಳಿದು ನಿಂತುಬಿಡುವುದೂ ಉಂಟು. ಟಿಬಿಸಿ ನಡುವೆ ಬಂದರೆ ಈ ಕಾಟ ಹೆಚ್ಚಾಗಿ ತೀರುತ್ತದೆ.

ವಿಂಡೋಸಿನಲ್ಲಿ ವರ್ಚುಅಲ್‌ಡಬ್, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ವಿರೆಕಾರ್ಡ್ ಈ ಕೆಲಸಕ್ಕೆ ಹೇಳಿಮಾಡಿಸಿದವು. ಒಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಸುಲಭ ನಿಜ, ಆದರೆ ಮೂಲ ಹೊಂದಿಕೆಯಲ್ಲಿ ಬಿಟ್ಟರೆ ಚಿತ್ರವನ್ನು ಹಿಗ್ಗಿಸಿ, ಫ್ರೇಮ್ ದರ ಬದಲಿಸಿ, ಹಿಂಡಿ ಉಳಿಸುತ್ತದೆ. ದಾಖಲೆಗೆ ಅದು ಸಲ್ಲದು.

ಹೊಂದಿಕೆ ಹೀಗಿರಲಿ:

- ಗಾತ್ರ 720 × 480, ದರ 29.97, ಬಣ್ಣ 4:2:2, ಇಂಟರ್‌ಲೇಸ್ (ಹೆಣೆದ ಫೀಲ್ಡು) ಹಾಗೆಯೇ
- ಚಿತ್ರಕ್ಕೆ ಹಫ್‌ವೈಯುವಿ ಅಥವಾ ಎಫ್ಎಫ್‌ವಿ1, ಎರಡೂ ನಷ್ಟವಿಲ್ಲದ ಕೋಡೆಕ್
- ಧ್ವನಿಗೆ ಪಿಸಿಎಂ, 48 ಕಿಲೋಹರ್ಟ್ಝ್, 16 ಬಿಟ್
- ಡಿಸ್ಕಿನಲ್ಲಿ ಅರ್ಧ ಗಂಟೆಯ ಕ್ಯಾಸೆಟ್ಟಿಗೆ 20 ಜಿಬಿ ಖಾಲಿ ಜಾಗ

ಹಿಡಿಯುವ ಮೊದಲು ಬಿಳಿ ಮೋಡ, ಪಟಾಕಿ ಪ್ರದರ್ಶನ ಇರುವ ದೃಶ್ಯ ಹುಡುಕಿ ಬೆಳಕಿನ ಮಟ್ಟ ನೋಡಿ. ಈ ಜಾಹೀರಾತುಗಳ ಬಿಳುಪು ಬಹಳ ಮೇಲಿರುತ್ತದೆ. ಬಿಳುಪಿಗೆ ವಿಡಿಯೊದಲ್ಲಿರುವ 235ರ ಮಿತಿ ದಾಟುತ್ತಿದ್ದರೆ ಕ್ಯಾಪ್ಚರ್ ಹಂತದಲ್ಲೇ ಕಾಂಟ್ರಾಸ್ಟ್ ಇಳಿಸಿ. ಕತ್ತರಿಸಿಹೋದ ಬಿಳುಪು ಆಮೇಲೆ ಯಾವ ತಂತ್ರಾಂಶಕ್ಕೂ ಸಿಗುವುದಿಲ್ಲ.

ಟ್ರ್ಯಾಕಿಂಗನ್ನು, ಅಂದರೆ ಹೆಡ್ ಟೇಪಿನ ಟ್ರ್ಯಾಕಿನ ಮೇಲೆ ಸರಿಯಾಗಿ ಕೂರುವುದನ್ನು, ಕೈಯಿಂದಲೇ ಹೊಂದಿಸಿ, ಕಣ್ಣಿನ ಜೊತೆ ಕಿವಿಯನ್ನೂ ಬಳಸಿ. ಹೈ-ಫೈ ಸ್ಟೀರಿಯೊ ಧ್ವನಿಯನ್ನು ಓದುವುದೂ ತಿರುಗುವ ಡ್ರಮ್ಮಿನ ಹೆಡ್ಡುಗಳೇ, ಆದ್ದರಿಂದ ಪಟಪಟ ಸದ್ದು ನಿಂತ ಜಾಗದಲ್ಲಿ ಟ್ರ್ಯಾಕಿಂಗೂ ಸರಿಯಾಗಿರುತ್ತದೆ. ಏನು ಮಾಡಿದರೂ ಸದ್ದು ನಿಲ್ಲದಿದ್ದರೆ ಡೆಕ್ಕಿನಲ್ಲಿ ಸಾದಾ ಧ್ವನಿಗೆ ಬದಲಿಸಿ ಇನ್ನೊಮ್ಮೆ ಹಿಡಿಯಿರಿ. ಪುಕ್ಕಟೆ ಹಂಚುವ ಕ್ಯಾಸೆಟ್ಟುಗಳನ್ನು ಟೇಪ್ ಉಳಿಸಲು ಇಪಿ ಎಂಬ ನಿಧಾನಗತಿಯಲ್ಲಿ ತುಂಬುವ ಪದ್ಧತಿಯೂ ಇತ್ತು. ಎಸ್‌ಪಿ ಎಂಬ ಸಾಮಾನ್ಯ ಗತಿಯಲ್ಲಿ ಒಂದು ಟ್ರ್ಯಾಕಿನ ಅಗಲ 58 ಮೈಕ್ರಾನ್ ಇದ್ದರೆ ಇಪಿಯಲ್ಲಿ 19 ಮಾತ್ರ. ಅಷ್ಟು ಸಣ್ಣ ಟ್ರ್ಯಾಕಿನ ಮೇಲೆ ಹೆಡ್ ಕೂರಬೇಕಾದ್ದರಿಂದ ಇಂಥವಕ್ಕೆ ಟ್ರ್ಯಾಕಿಂಗ್ ತಾಳ್ಮೆಯಿಂದ ಹೊಂದಿಸಬೇಕು. ಒಂದು ಡೆಕ್ಕಿನಲ್ಲಿ ಬಾರದ್ದು ಇನ್ನೊಂದರಲ್ಲಿ ಬರಬಹುದು.

ಕ್ಯಾಪ್ಚರ್ ಶುರುಮಾಡಿದ ಮೇಲೆ ಪ್ಲೇ ಒತ್ತಿ, ಟೇಪ್ ಕೊನೆಯವರೆಗೂ ಓಡಲಿ. ಕೊನೆಯ ಹಕ್ಕುಸ್ವಾಮ್ಯದ ಸಾಲು ಕೆಲವೇ ಸೆಕೆಂಡು ಇರುತ್ತದೆ; ‘ಮುಗಿಯಿತು’ ಎಂದು ನಿಲ್ಲಿಸಿದವರು ಕಳೆದುಕೊಳ್ಳುವುದು ಅದನ್ನೇ. ಮುಗಿದ ಮೇಲೆ ಬಿಟ್ಟುಹೋದ ಫ್ರೇಮುಗಳ ಎಣಿಕೆ ನೋಡಿ. ಒಂದು ಫ್ರೇಮ್ ಹೋದರೆ ಧ್ವನಿ ಸುಮಾರು 33 ಮಿಲಿಸೆಕೆಂಡ್ ಜರುಗುತ್ತದೆ, ಮೂರು ಹೋದರೆ ನಿರೂಪಕರ ತುಟಿಗೂ ಮಾತಿಗೂ ತಾಳ ತಪ್ಪಿದ್ದು ಕಾಣುತ್ತದೆ. ಎಣಿಕೆ ಸೊನ್ನೆ ಆಗುವವರೆಗೆ ಮತ್ತೆ ಹಿಡಿಯಿರಿ.

ಇದು ಯಾವ ವರ್ಷದ್ದು?

ತಾರೀಖು ಇಲ್ಲದ ಕ್ಯಾಪ್ಚರ್ ಅರ್ಧ ದಾಖಲೆ ಅಷ್ಟೇ. ಹಲವು ಕ್ಯಾಸೆಟ್ಟುಗಳ ಹೊದಿಕೆ ಕಳೆದಿರುತ್ತದೆ. ಕೊನೆಯ ಸಾಲಿನಲ್ಲಿ ವರ್ಷ ಇದ್ದರೂ ಅದು ತಯಾರಾದ ವರ್ಷ. ಮನೆಗೆ ತಲುಪಿದ್ದು ಮರುವರ್ಷವೂ ಆಗಿರಬಹುದು. ಆದ್ದರಿಂದ ಚಿತ್ರದೊಳಗಿನ ಸಾಕ್ಷ್ಯವನ್ನೇ ಓದಬೇಕು.

ಮೊದಲ ನಿಯಮ: ಕ್ಯಾಸೆಟ್ಟಿನಲ್ಲಿ ಕಾಣುವ ಅತ್ಯಂತ ಹೊಸ ವಸ್ತುವಿಗಿಂತ ಕ್ಯಾಸೆಟ್ ಹಳೆಯದಾಗಿರಲಾರದು. ಇದಕ್ಕೆ ಬೇಕಾದ ಗಟ್ಟಿ ತಾರೀಖುಗಳು ಇವು. ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಪಾರ್ಕ್ ತೆರೆದದ್ದು 1989ರ ಮೇ 1. ಟವರ್ ಆಫ್ ಟೆರರ್ ಸವಾರಿ 1994ರ ಜುಲೈ. ಬ್ಲಿಝರ್ಡ್ ಬೀಚ್ ಜಲಪಾರ್ಕ್ 1995ರ ಏಪ್ರಿಲ್. ಅನಿಮಲ್ ಕಿಂಗ್‌ಡಮ್ 1998ರ ಏಪ್ರಿಲ್ 22. ಡಿಸ್ನಿ ಮ್ಯಾಜಿಕ್ ಹಡಗಿನ ಮೊದಲ ಯಾನ 1998ರ ಜುಲೈ. ಹೋಟೆಲುಗಳನ್ನೂ ಬಿಡಬೇಡಿ, ಯೋಜನೆ ವಿಡಿಯೊದಲ್ಲಿ ಅವುಗಳ ಸರದಿ ತಪ್ಪುವುದೇ ಇಲ್ಲ: ಗ್ರಾಂಡ್ ಫ್ಲೋರಿಡಿಯನ್ 1988, ವೈಲ್ಡರ್‌ನೆಸ್ ಲಾಡ್ಜ್ 1994, ಬೋರ್ಡ್‌ವಾಕ್ 1996, ಕೊರೊನಾಡೊ ಸ್ಪ್ರಿಂಗ್ಸ್ 1997, ಅನಿಮಲ್ ಕಿಂಗ್‌ಡಮ್ ಲಾಡ್ಜ್ 2001.

ಎರಡನೆಯದು: ಯಾವುದನ್ನು ನಿಜವಾಗಿ ಚಿತ್ರೀಕರಿಸಿದ್ದಾರೆ, ಯಾವುದನ್ನು ಬರೀ ಬಣ್ಣದ ಚಿತ್ರ ಅಥವಾ ಮಾದರಿಯಲ್ಲಿ ತೋರಿಸಿದ್ದಾರೆ ಎಂದು ಬೇರ್ಪಡಿಸಿ. ಟವರ್ ಆಫ್ ಟೆರರ್ ನಿಜವಾಗಿ ಓಡುತ್ತಿದೆ, ಬ್ಲಿಝರ್ಡ್ ಬೀಚ್ ಇನ್ನೂ ಚಿತ್ರದಲ್ಲೇ ಇದೆ ಎಂದಾದರೆ ಆ ಕ್ಯಾಸೆಟ್ 1994ರ ನಡುವಿನಿಂದ 1995ರ ವಸಂತದೊಳಗಿನದು. ತೆರೆಯುವ ಮುನ್ನವೇ ಚಿತ್ರೀಕರಣ ನಡೆದಿರಬಹುದಾದ್ದರಿಂದ ಎರಡೂ ತುದಿಗೆ ಕೆಲವು ತಿಂಗಳ ಸಡಿಲ ಬಿಡಿ.

ಹೆಸರುಗಳು ಇನ್ನೂ ಬಿಗಿಯಾದ ಸಾಕ್ಷಿ. ಡಿಸ್ನಿ ವರ್ಲ್ಡ್‌ನ ಒಂದು ಪಾರ್ಕಿನ ಹೆಸರು 1993ರವರೆಗೆ ‘ಎಪ್ಕಾಟ್ ಸೆಂಟರ್’. 1994ರಲ್ಲಿ ಹೆಸರಿನ ಪಕ್ಕ ’94 ಎಂದು, ಮರುವರ್ಷ ’95 ಎಂದು ಬರೆದರು. ಆಮೇಲೆ ಬರೀ ‘ಎಪ್ಕಾಟ್’. ಆ ಪಾರ್ಕಿನ ಗೋಳದ ಪಕ್ಕ ಮಿಕಿಯ ಕೈ ಮತ್ತು ಮಂತ್ರದಂಡ, ಮೇಲೆ 2000 ಎಂಬ ಅಂಕಿ ಕಂಡರೆ ಸಹಸ್ರಮಾನದ ಉತ್ಸವದ ಕಾಲ, ಅಂದರೆ 1999 ಅಥವಾ ನಂತರ. ಗೋಳದೊಳಗಿನ ಸವಾರಿಯ ಪ್ರಾಯೋಜಕರಾಗಿ ಎಟಿ ಅಂಡ್ ಟಿ ಹೆಸರಿದ್ದರೆ 1984ರಿಂದ 2003. ಸಿಂಡರೆಲ್ಲಾ ಕೋಟೆಗೆ ಗುಲಾಬಿ ಕೇಕಿನ ವೇಷ ಹಾಕಿದ್ದರೆ 25ನೇ ವಾರ್ಷಿಕೋತ್ಸವ. ಆ ವೇಷ ಇದ್ದದ್ದು 1996ರ ಅಕ್ಟೋಬರಿನಿಂದ 1998ರ ಜನವರಿವರೆಗೆ.

ಈಗ ಬಲೆಗಳು. ಮುಚ್ಚಿಹೋದ ಸವಾರಿ ಕಂಡಿತೆಂದು ‘ಮುಚ್ಚುವ ಮೊದಲಿನ ಕ್ಯಾಸೆಟ್’ ಎಂದು ತೀರ್ಮಾನಿಸಬೇಡಿ. ಸಂಕಲನಕಾರರು ಹಳೆಯ ಚಿತ್ರೀಕರಣವನ್ನು ವರ್ಷಗಟ್ಟಲೆ ಮರುಬಳಸುತ್ತಾರೆ. ನಿರೂಪಕರು ಆ ಸವಾರಿಯ ಹೆಸರು ಹೇಳಿದರೆ ಅದು ಸಾಕ್ಷ್ಯ. ಹಾಡಿನ ನಡುವೆ ಎರಡು ಸೆಕೆಂಡು ಮಿಂಚಿ ಹೋದರೆ ಅಲ್ಲ. ಇದೇ ಕಾರಣಕ್ಕೆ ಕೋಟೆ ಗುಲಾಬಿ ಬಣ್ಣದಲ್ಲಿಲ್ಲ ಎಂಬುದರಿಂದಲೂ ಏನೂ ಸಿದ್ಧವಾಗುವುದಿಲ್ಲ. ಇನ್ನು ‘ಶೀಘ್ರದಲ್ಲೇ’ ಎಂಬ ಮಾತು ಕಂಪನಿಯ ಆಶಯ ಮಾತ್ರ. ಟೆಸ್ಟ್ ಟ್ರ್ಯಾಕ್ ಸವಾರಿ 1997ರಲ್ಲಿ ತೆರೆಯಬೇಕಿತ್ತು. ತಾಂತ್ರಿಕ ತೊಂದರೆಗಳಿಂದ ತಡವಾಗಿ ಅಧಿಕೃತವಾಗಿ ತೆರೆದದ್ದು 1999ರ ಮಾರ್ಚಿನಲ್ಲಿ. ಕೊಟ್ಟ ಮಾತನ್ನೇ ತಾರೀಖೆಂದು ನಂಬಿದರೆ ಕ್ಯಾಸೆಟ್ಟಿಗೆ ತಪ್ಪು ವರ್ಷ ಅಂಟುತ್ತದೆ. ಇಷ್ಟೇ ಮುಖ್ಯವಾದ ಇನ್ನೊಂದು ಮಾತು: ಆಗ ಏನು ಭರವಸೆ ಕೊಟ್ಟಿದ್ದರು ಎಂಬುದಕ್ಕೆ ಇಂಥ ಕ್ಯಾಸೆಟ್ಟೇ ಒಳ್ಳೆಯ ಪುರಾವೆ, ಅದನ್ನೂ ಗುರುತು ಹಾಕಿಕೊಳ್ಳಿ.

ಹೊದಿಕೆ ಉಳಿದಿದ್ದರೆ ಫೋನ್ ನಂಬರೂ ಮಾತಾಡುತ್ತದೆ. ಓರ್ಲಾಂಡೊಗೆ 407 ಎಂಬ ಪ್ರದೇಶ ಸಂಖ್ಯೆ ಬಂದದ್ದು 1988ರಲ್ಲಿ, ಅದಕ್ಕೂ ಮೊದಲು 305. ಉಚಿತ ಕರೆಯ ನಂಬರು 888ರಿಂದ ಶುರುವಾದರೆ 1996 ಅಥವಾ ನಂತರ, 877 ಆದರೆ 1998 ಅಥವಾ ನಂತರ, 866 ಆದರೆ 2000 ಅಥವಾ ನಂತರ.

ಯೂನಿವರ್ಸಲ್‌ನ ಕ್ಯಾಸೆಟ್ಟಿಗೂ ಇದೇ ವಿಧಾನ. ಓರ್ಲಾಂಡೊದ ಯೂನಿವರ್ಸಲ್ ಸ್ಟುಡಿಯೋಸ್ 1990ರ ಜೂನ್, ಐಲ್ಯಾಂಡ್ಸ್ ಆಫ್ ಅಡ್ವೆಂಚರ್ 1999ರ ಮೇ ಎಂಬ ಎರಡು ಗೂಟ ನೆಟ್ಟುಕೊಂಡು ಆರಂಭಿಸಿ.

ಗಮನಿಸಿದ್ದನ್ನೆಲ್ಲ ನಿಮಿಷ-ಸೆಕೆಂಡಿನ ಸಮೇತ ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಿಡಿ. ‘ಸುಮಾರು 1995’ ಎಂದು ಬರೆಯುವುದಕ್ಕಿಂತ ‘1994 ಜುಲೈ – 1995 ಏಪ್ರಿಲ್, ಕಾರಣ ಇಂತಿಂಥದು’ ಎಂದು ಬರೆದರೆ ಮುಂದೆ ಬರುವವರು ನಿಮ್ಮ ತರ್ಕವನ್ನು ತಿದ್ದಬಹುದು.

ನೋಡುವ ಪ್ರತಿ ಮತ್ತು ಹಂಚಿಕೆ

ಮೂಲ ಕಡತವನ್ನು ಮುಟ್ಟದೆ, ನಕಲಿಗೆ ಹೆಣೆದ ಫೀಲ್ಡುಗಳನ್ನು ಬೇರ್ಪಡಿಸುವ ಕ್ಯೂಟಿಜಿಎಂಸಿ ಎಂಬ ತಂತ್ರಾಂಶ ಹಾಯಿಸಿ ಸೆಕೆಂಡಿಗೆ 59.94 ಫ್ರೇಮಿಗೆ ಬಿಡಿಸಿ. ಈ ಜಾಹೀರಾತುಗಳಲ್ಲಿ ಒಂದು ವಿಶೇಷವಿದೆ: ಕೆಲವು ದೃಶ್ಯ ಫಿಲ್ಮಿನಲ್ಲಿ 24 ಫ್ರೇಮಿಗೆ ತೆಗೆದದ್ದು, ಕೆಲವು ವಿಡಿಯೊ ಕ್ಯಾಮೆರಾದ್ದು, ಎರಡನ್ನೂ ಒಂದೇ ಟೇಪಿನಲ್ಲಿ ಸೇರಿಸಿರುತ್ತಾರೆ. ಒಂದೊಂದೇ ಫ್ರೇಮ್ ಸರಿಸಿ ನೋಡಿ. ಐದರಲ್ಲಿ ಮೂರು ಸ್ವಚ್ಛ, ಎರಡರಲ್ಲಿ ಬಾಚಣಿಗೆಯ ಗೆರೆ ಇದ್ದರೆ ಅದು ಫಿಲ್ಮ್ ಭಾಗ. ಇಡೀ ಕಡತವನ್ನು 24ಕ್ಕೆ ಇಳಿಸಿದರೆ ವಿಡಿಯೊ ಭಾಗ ಕುಂಟುತ್ತದೆ. 59.94ರಲ್ಲಿ ಎರಡೂ ಉಳಿಯುತ್ತವೆ.

ಚಿತ್ರದ ತಳದಲ್ಲಿ ಹರಿದಂತೆ ಕಾಣುವ ಕೆಲವು ಗೆರೆಗಳು ಹೆಡ್ ಬದಲಾಗುವಾಗ ಬರುವ ಗದ್ದಲ. ನೋಡುವ ಪ್ರತಿಯಲ್ಲಿ ಕಪ್ಪು ಪಟ್ಟಿಯಿಂದ ಮುಚ್ಚಿ, ಮೂಲದಲ್ಲಿ ಹಾಗೇ ಇರಲಿ. ಯೂಟ್ಯೂಬಿಗಾದರೆ 1440 × 1080ಕ್ಕೆ ಹಿಗ್ಗಿಸಿ. 720ಕ್ಕಿಂತ ಕೆಳಗೆ ಅಲ್ಲಿ 60ರ ದರ ಸಿಗುವುದಿಲ್ಲ. ಕೃತಕ ಬುದ್ಧಿಮತ್ತೆಯ ‘ಚುರುಕುಗೊಳಿಸುವ’ ಸಾಧನಗಳನ್ನು ಬಳಸಬೇಡಿ. ವಿಎಚ್ಎಸ್ ಹಿಡಿಯುವುದು ಅಡ್ಡಲಾಗಿ ಸುಮಾರು 240 ಗೆರೆಯ ವಿವರ; ಮಿಕ್ಕದ್ದನ್ನು ಆ ಸಾಧನ ಊಹಿಸಿ ಬರೆಯುತ್ತದೆ. ಸವಾರಿಯ ಫಲಕದ ಅಕ್ಷರಗಳೇ ಬದಲಾಗಿಬಿಟ್ಟರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ನೀರುಪಾಲು.

ಪುಕ್ಕಟೆ ಹಂಚಿದ್ದರೆಂದು ಹಕ್ಕು ಬಿಟ್ಟುಕೊಟ್ಟಂತಾಗುವುದಿಲ್ಲ. ಅಮೆರಿಕದಲ್ಲಿ ಕಂಪನಿಯ ಕೃತಿಗೆ ಪ್ರಕಟವಾದಂದಿನಿಂದ 95 ವರ್ಷ ರಕ್ಷಣೆ ಇದೆ. ಯೂಟ್ಯೂಬಿಗೆ ಹಾಕಿದರೆ ಹಿನ್ನೆಲೆ ಸಂಗೀತಕ್ಕೆ ಹಕ್ಕುಕೋರಿಕೆ ಬರಬಹುದು, ಕಂಪನಿ ಕೇಳಿದರೆ ತೆಗೆಯಬೇಕಾಗುತ್ತದೆ. ಆದ್ದರಿಂದ ಅಂತರ್ಜಾಲದಲ್ಲಿರುವುದನ್ನೇ ಏಕೈಕ ಪ್ರತಿ ಮಾಡಿಕೊಳ್ಳಬೇಡಿ. ಮೂಲ ಕಡತ ಎರಡು ಬೇರೆ ಡಿಸ್ಕಿನಲ್ಲಿರಲಿ, ಮೂರನೆಯದು ಬೇರೆ ಮನೆಯಲ್ಲಿರಲಿ. ಪ್ರತಿಯೊಂದರ ಜೊತೆ ಎಸ್‌ಎಚ್‌ಎ-256 ಮೊತ್ತ (ಕಡತ ಬದಲಾಗಿದೆಯೇ ಎಂದು ತೋರಿಸುವ ಗುರುತು) ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ.

ಕ್ಯಾಸೆಟ್ಟನ್ನೂ ಎಸೆಯಬೇಡಿ. ಹೆಡ್ಡಿನಿಂದ ಬರುವ ಕಚ್ಚಾ ರೇಡಿಯೊ ಸಂಕೇತವನ್ನೇ ಹಿಡಿದು ತಂತ್ರಾಂಶದಲ್ಲಿ ಚಿತ್ರ ಮಾಡುವ ವಿಎಚ್ಎಸ್-ಡೀಕೋಡ್ ಎಂಬ ವಿಧಾನ ಈಗಾಗಲೇ ಬಳಕೆಯಲ್ಲಿದೆ, ಅದಕ್ಕೆ ಮೂಲ ಟೇಪೇ ಬೇಕು. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, 20 ಡಿಗ್ರಿ ಆಸುಪಾಸಿನಲ್ಲಿ, ತೇವಾಂಶ 30ರಿಂದ 40% ಇರುವಲ್ಲಿ, ಸ್ಪೀಕರುಗಳಿಂದ ದೂರ ಇಡಿ. ಗುರುತಿನ ಚೀಟಿಯನ್ನು ಕ್ಯಾಸೆಟ್ಟಿನ ಮೈಗೆ ಅಂಟಿಸದೆ ಡಬ್ಬಿಗೆ ಅಂಟಿಸಿ. ಹಳತಾದ ಅಂಟು ಬಿಟ್ಟರೆ ಚೀಟಿ ಡೆಕ್ಕಿನ ಒಳಗೆ ಸುರುಟಿ ಟೇಪನ್ನೂ ಎಳೆದುಕೊಳ್ಳುತ್ತದೆ.